ತೇರು ತಿರುಗುವಷ್ಟು ಜಾಗ



ನಮ್ಮ ರಾಯಚೂರು ಜಿಲ್ಲೆಯ ನೀರಮಾನ್ವಿ ಯಲ್ಲಮ್ಮನ ಜಾತ್ರೆ ನೋಡಿದವರಿಗೆ ನಾನು ಇವತ್ತು ಹೇಳಬೇಕೆಂದಿರುವುದು ಅರ್ಧ ಗೊತ್ತೇ ಇದೆ. ಗುಡಿಯ ಗೋಡೆಗಳ ಒಳಗೆ ಎಷ್ಟು ಜನ ಹಿಡಿದಾರು? ಜಾತ್ರೆ ಕೂಡುವುದು ಹೊರಗೆ. ತೇರಿನ ಹಾದಿ, ಬಂಡಿ ಬಿಡುವ ಬಯಲು, ಬಳೆ ಬತ್ತಾಸಿನ ಅಂಗಡಿ, ಒಲೆ ಹೂಡಿ ನೈವೇದ್ಯದ ಪಡ್ಡಲಗಿ ತುಂಬುವ ಮರದ ನೆರಳು, ಇಷ್ಟೂ ಸೇರಿದರೇ ಅದು ದೇವಸ್ಥಾನ. ಮೊಹರಂನಲ್ಲಿಯೂ ಹಾಗೇ. ನಮ್ಮ ಹಳ್ಳಿಗಳ ಮಸೂತಿ ಚಿಕ್ಕದು; ಅದರ ಮುಂದಿನ ಬೆಂಕಿಯ ಅಲಾಯಿ ಕುಣಿಯ ಸುತ್ತ ಜಾತಿ ಕೇಳದೆ ಊರಿಗೆ ಊರೇ ಹೆಜ್ಜೆ ಹಾಕುತ್ತದೆ.

ರಾಯಚೂರು ಹಳೆಯ ಊರು. ಕೋಟೆಯ ಶಾಸನ 1294ರದು, ಏಕ್ ಮಿನಾರ್ ಮಸೀದಿ 1513ರದು. 1871ರಲ್ಲಿ ರೈಲು ಬಂತು, ಊರು ಕೋಟೆ ದಾಟಿ ಹಬ್ಬಿತು. ಈಗ ಮಾನ್ವಿ, ದೇವದುರ್ಗಗಳ ಸುತ್ತಲೂ ಹೊಲಗಳು ಕೃಷಿಯೇತರ (ಎನ್‌ಎ) ಆಗಿ ಲೇಔಟ್ ಆಗುತ್ತಿವೆ. ನಕ್ಷೆಯಲ್ಲಿ ಮೊದಲು ಕೂಡುವುದು ಮಾರುವ ಸೈಟು. ಉಳಿದ ಮೂಲೆ ಪಾರ್ಕಿಗೆ, ನಾಗರಿಕ ಸೌಲಭ್ಯದ (ಸಿಎ) ಸೈಟಿಗೆ. ಮನೆಗಳು ತುಂಬಿದ ಮೇಲೆ ಜನಕ್ಕೆ ದೇವರು ಬೇಕಾಗುತ್ತಾನೆ. ಬೇವಿನ ಬುಡಕ್ಕೊಂದು ಕಲ್ಲು, ಕಲ್ಲಿಗೊಂದು ಕಟ್ಟೆ, ಮೇಲೆ ತಗಡು, ಆಮೇಲೆ ಸ್ಲ್ಯಾಬು. ಅಷ್ಟರಲ್ಲಿ ಅದು ರಸ್ತೆಯ ನಡುವೆ ಇದೆಯೆಂದು ಯಾರಿಗೋ ನೆನಪಾಗುತ್ತದೆ.

ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಪ್ರಾರ್ಥನಾ ಸ್ಥಳ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದೇ ಹೇಳಿತು. ಈಗಾಗಲೇ ಇದ್ದವುಗಳನ್ನು ಒಂದೊಂದಾಗಿ ನೋಡಿ ತೀರ್ಮಾನಿಸಲು ಸರ್ಕಾರಗಳಿಗೆ ಬಿಟ್ಟಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ದೇವಸ್ಥಾನ ಕೆಡವಿದಾಗ ರಾಜ್ಯವೆಲ್ಲ ಕೆರಳಿತು. ಅದೇ ವರ್ಷ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ಬಂತು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಕಾಯ್ದೆ ಕಾಪಾಡುವುದು ಕಟ್ಟಿದ್ದನ್ನು. ಅದರಿಂದ ಆಂಬುಲೆನ್ಸಿಗೆ ದಾರಿ ಹುಟ್ಟುವುದಿಲ್ಲ, ತೇರಿಗೆ ಬೀದಿಯೂ ಹುಟ್ಟುವುದಿಲ್ಲ. ಕೆಡವುವ ದಿನ ನಡೆಯುವ ಜಗಳ, ನಕ್ಷೆ ಬರೆದ ದಿನವೇ ಶುರುವಾಗಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ನಕ್ಷೆಗೆ ಮಂಜೂರಾತಿ ಕೊಡುವವರಲ್ಲಿ. ನಮ್ಮ ಹೊಲಗಳು ಖಾಲಿ ಜಮೀನಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿದ ನೆಲ ಅದು. ಅಲ್ಲಿ ಹುತ್ತವಿದೆ, ಯಾರೋ ಶರಣರ ಗದ್ದುಗೆಯಿದೆ, ಹಸಿರು ಚಾದರ ಹೊದ್ದ ಗೋರಿಯಿದೆ. ಸೈಟಿನ ಕಲ್ಲು ನೆಡುವ ಮುಂಚೆ ಹೊಲ ಮಾರಿದ ಮುದುಕನನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ದಸರೆಗೆ ಬನ್ನಿ ತರುತ್ತಿದ್ದ ಮರ ಯಾವುದು ಎಂದು ಕೇಳಿ. ಅದರ ಸುತ್ತ ಜನ ನಿಲ್ಲುವಷ್ಟು ಜಾಗ ಬಿಟ್ಟು, ಆಮೇಲೆ ರಸ್ತೆಯ ಗೆರೆ ಎಳೆಯಿರಿ.