ಅಲ್ಪಾಯು ವಾದ್ಯವೃಂದಗಳ ಆಕರ್ಷಣೆ



ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೀರ್ಘಕಾಲ ಬಾಳಿದವರ ಕಡೆಗೇ ದೃಷ್ಟಿಯಿಡುವರು; ನಾಲ್ಕಾರು ವರ್ಷ ಹಾಡಿ, ನುಡಿಸಿ, ಚದುರಿಹೋದ ತಂಡಗಳಿಗೆ ಅಲ್ಲಿ ಲಭಿಸುವುದು ಒಂದೆರಡು ಪಂಕ್ತಿಗಳು ಮಾತ್ರ. ಆದರೆ ರಾಕ್ ಸಂಗೀತವೂ ಜಾಝ್ ಸಂಗೀತವೂ ಒಂದನ್ನೊಂದು ಕೂಡಿಕೊಂಡ ಕಥೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ, ಹೊಸ ಹಾದಿಯನ್ನು ಕಡಿದವರಲ್ಲಿ ಅನೇಕರು ಇಂಥ ಅಲ್ಪಾಯುಗಳೇ ಎಂಬುದು ವೇದ್ಯವಾಗುತ್ತದೆ.

1966ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಉದಯಿಸಿದ ಸಾಫ್ಟ್ ಮಷೀನ್ ತಂಡವು ರಾಕ್ ವಾದನಕ್ಕೆ ಜಾಝ್‌ನ ಮನೋಧರ್ಮವನ್ನು ಬೆಸೆಯಿತು. ಅದೇ ಪರಂಪರೆಯಲ್ಲಿ 1972ರಲ್ಲಿ ರೂಪುಗೊಂಡ ಹ್ಯಾಟ್‌ಫೀಲ್ಡ್ ಅಂಡ್ ದ ನಾರ್ತ್ ಎಂಬ ತಂಡವು, ಲಂಡನ್ ನಗರವನ್ನು ಬಿಟ್ಟು ಉತ್ತರಕ್ಕೆ ಹೊರಡುವ ಹೆದ್ದಾರಿಯ ದಿಕ್ಸೂಚಿ ಫಲಕದಿಂದ ತನ್ನ ಹೆಸರನ್ನು ಪಡೆಯಿತು. ಫಿಲ್ ಮಿಲ್ಲರ್ ಅವರ ಗಿಟಾರು, ಡೇವ್ ಸ್ಟೂವರ್ಟ್ ಅವರ ಆರ್ಗನ್, ರಿಚರ್ಡ್ ಸಿಂಕ್ಲೇರ್ ಅವರ ಕಂಠ, ಪಿಪ್ ಪೈಲ್ ಅವರ ಡ್ರಮ್ಸ್ ಇವು ಸೇರಿ 1974 ಮತ್ತು 1975ರಲ್ಲಿ ಎರಡು ಧ್ವನಿಮುದ್ರಿಕೆಗಳನ್ನು ಲೋಕಕ್ಕೆ ಕೊಟ್ಟವು. ಆ 1975ರಲ್ಲಿಯೇ ತಂಡವು ವಿಸರ್ಜನೆಗೊಂಡಿತು. ಆದರೂ ಆ ಮುದ್ರಿಕೆಗಳನ್ನು ರಸಿಕರು ಇಂದಿಗೂ ಅರಸುತ್ತಿರುವುದಕ್ಕೆ ಕಾರಣ ಅವುಗಳ ಲಯವೈಚಿತ್ರ್ಯ. ನಾಲ್ಕು ಮಾತ್ರೆಗಳ ಸರಳ ನಡೆಯನ್ನು ಬಿಟ್ಟು ವಿಷಮಸಂಖ್ಯೆಯ ನಡೆಗಳಲ್ಲಿ ಸಲೀಲವಾಗಿ ವಿಹರಿಸುವ ಆ ಸಂಗೀತವು, ಖಂಡಛಾಪು ಮಿಶ್ರಛಾಪುಗಳಲ್ಲಿ ಪಳಗಿದ ನಮ್ಮ ಕಿವಿಗಳಿಗೆ ಅಪರಿಚಿತವೆನಿಸದು.

ಅದೇ ಕಾಲದಲ್ಲಿ ಬೆಂಗಳೂರಿನ ವೇದಿಕೆಗಳಲ್ಲಿಯೂ ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡವೊಂದು ವಿಶೇಷ ಖ್ಯಾತಿಯನ್ನು ಗಳಿಸಿತ್ತು. ರಮೇಶ್ ಶೋತಮ್ ಮತ್ತು ಅವರ ಸೋದರ ಸುರೇಶ್ ಅದರ ಆಧಾರಸ್ತಂಭಗಳಾಗಿದ್ದರು; ಮುಂದೆ ಜಾಝ್ ಗಾಯಕಿಯಾಗಿ ಪ್ರಸಿದ್ಧರಾದ ರಾಧಾ ಥಾಮಸ್ ಅದರಲ್ಲಿ ಹಾಡಿದರು. ಎಪ್ಪತ್ತರ ದಶಕವು ಮುಗಿಯುವ ಮುನ್ನವೇ ಆ ತಂಡವೂ ಚದುರಿತು. ಆದರೆ ಚದುರಿದ ಬಳಿಕ ನಡೆದ ಸಂಗತಿಯೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವಂಥದು. ಡ್ರಮ್ಸ್ ಬಾರಿಸುತ್ತಿದ್ದ ರಮೇಶ್ ಶೋತಮ್, ಕೈಯಲ್ಲಿದ್ದ ಕೀರ್ತಿಯಿಂದ ತೃಪ್ತರಾಗದೆ, ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ವಿದ್ಯಾಲಯವನ್ನು ಸೇರಿ, ವಿದ್ಯಾರ್ಥಿಯಾಗಿ ಕುಳಿತು, ತವಿಲ್ ವಾದ್ಯವನ್ನು ಅಭ್ಯಸಿಸಿದರು. ಅನಂತರ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಆ ವಿದ್ಯೆಯನ್ನು ಯೂರೋಪಿನ ಜಾಝ್ ವೇದಿಕೆಗಳಿಗೆ ಕೊಂಡೊಯ್ದರು.

ಆ ವಿದ್ಯಾಲಯವೂ ಹೊರಗಿನ ಸಂಗೀತಕ್ಕೆ ಬಾಗಿಲನ್ನು ಮುಚ್ಚಿರಲಿಲ್ಲ. ದಕ್ಷಿಣ ಭಾರತದಲ್ಲಿ ನಾಗಸ್ವರವನ್ನು ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಜರ್ಮನಿಯ ಎಂಬ್ರಿಯೊ ತಂಡ ಇವರೊಡನೆ ಅದರ ಕಲಾವಿದರು 1980ರಲ್ಲಿ ‘ಲೈಫ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. 1983ರಲ್ಲಿ ಪ್ರಕಟವಾದ ‘ಜ್ಯೋತಿ’ಯಲ್ಲಿ ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರಗಳು ಮರಿಯಾನೊ ಅವರ ವಾದನದೊಡನೆ ಸಮಪಾಲಿನ ಸಂವಾದವನ್ನು ನಡೆಸುತ್ತವೆ. ಅಲ್ಲಿ ಒಬ್ಬರು ಮತ್ತೊಬ್ಬರಿಗೆ ಪಕ್ಕವಾದ್ಯವಾಗಿ ಉಳಿದಿಲ್ಲ.

ಹೀಗಿರುವಾಗ ತಂಡವೊಂದರ ಮೌಲ್ಯವನ್ನು ಅದರ ಆಯುಸ್ಸಿನಿಂದ ಅಳೆಯುವುದು ಉಚಿತವೆ? ಹಲವು ಪ್ರತಿಭೆಗಳು ಯಾವ ಹಟದಿಂದ ಕೂಡುವುವೋ ಅದೇ ಹಟದಿಂದ ಬೇರ್ಪಡುವುದೂ ಉಂಟು. ಜನಪ್ರಿಯತೆಯ ಸುಲಭಮಾರ್ಗವನ್ನು ಒಲ್ಲದ ಸಂಗೀತಕ್ಕೆ ಹಣದ ಆಸರೆಯೂ ಬೇಗನೆ ತಪ್ಪುವುದು. ಆದರೆ ಮಿಲ್ಲರ್ ಮತ್ತು ಸ್ಟೂವರ್ಟ್ ಅವರು ನ್ಯಾಷನಲ್ ಹೆಲ್ತ್ ಎಂಬ ಮತ್ತೊಂದು ತಂಡದಲ್ಲಿ ನುಡಿಸಿದಂತೆ, ಶೋತಮ್ ಅವರು ತವಿಲ್ಲನ್ನು ಹಿಡಿದಂತೆ, ಕಲಿತ ವಿದ್ಯೆಯು ತಂಡದೊಡನೆ ಅಳಿಯುವುದಿಲ್ಲ.

ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಾಗಲಿ, ಯಲಹಂಕದಲ್ಲಾಗಲಿ, ನಿಮ್ಮ ಬೀದಿಯ ತರುಣರು ಕೆಲಸ ಮುಗಿಸಿ ಬಂದು ಗಿಟಾರು, ಡ್ರಮ್ಸ್‌ಗಳೊಡನೆ ಅಭ್ಯಾಸಕ್ಕೆ ಕೂತರೆ, ಇದು ಎಷ್ಟು ದಿನದ ಆಟವೆಂದು ದಯವಿಟ್ಟು ಕೇಳಬೇಡಿರಿ. ಅವರ ಮೊದಲ ಕಚೇರಿಗೆ ಹೋಗಿ ಕುಳಿತುಕೊಳ್ಳಿರಿ. ಅವರ ವಾದನವನ್ನು ಧ್ವನಿಮುದ್ರಿಸಿ ಜೋಪಾನವಾಗಿ ಕಾಯ್ದಿಡಿರಿ.