ಬಿಗಿದ ಬಿರಡೆ

ನಿವೃತ್ತನಾದ ಮೇಲೆ ನನ್ನ ಹಳೆಯ ಕಾರಿನ ಗೇರ್ ಎಣ್ಣೆಯನ್ನು ನಾನೇ ಬದಲಿಸುವ ಹುಮ್ಮಸ್ಸು ನನಗೆ ಹುಟ್ಟಿತು. ಪಕ್ಕದಲ್ಲಿ ಕುಳಿತು, ಅಡಿಗೆ ಕೈಚಾಚಿ, ಗೇರ್ ಪೆಟ್ಟಿಗೆಯ ತಳದ ಬಿರಡೆಯನ್ನು ಅಪ್ರದಕ್ಷಿಣವಾಗಿ ತಿರುಗಿಸಿದೆ; ಅದು ಕದಲಲಿಲ್ಲ. ಹೆಚ್ಚಿನ ಬಲಕ್ಕೆಂದು ಸ್ಪ್ಯಾನರಿಗೆ ಉದ್ದನೆಯ ಕೊಳವೆ ತೊಡಿಸುವಷ್ಟರಲ್ಲಿ ನೆರೆಮನೆಯ ಮೆಕ್ಯಾನಿಕ್ ತರುಣ ನನ್ನ ಕೈ ಹಿಡಿದ.

“ಸಾರ್, ನೀವು ಬಿಗಿ ಮಾಡುತ್ತಿದ್ದೀರಿ.”

ನಿಜ. ಬಿರಡೆಯ ತಲೆ ಕೆಳಮುಖವಾಗಿರುತ್ತದೆ. ಮೇಲಿನಿಂದ ಊಹಿಸಿದವನಿಗೆ ಅಪ್ರದಕ್ಷಿಣವಾದದ್ದು ಕೆಳಗೆ ಮಲಗಿ ನೋಡುವವನಿಗೆ ಪ್ರದಕ್ಷಿಣ. ಇನ್ನೊಂದು ಎಳೆತಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆಯ ಮರೆಗಳೇ ಕಿತ್ತುಹೋಗುತ್ತಿದ್ದವೇನೋ!

ಅವನು ಮೊದಲು ಬಿಚ್ಚಿದ್ದು ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು. “ಇದು ಬಿಚ್ಚದೆ ಅದನ್ನು ಖಾಲಿ ಮಾಡಿದರೆ, ಹೊಸ ಎಣ್ಣೆ ಹೊಯ್ಯುವುದೆಲ್ಲಿಂದ?” ಎಂದ. ಬಳಿಕ ತುಕ್ಕಿಗೆ ಇಳಿಯುವ ತೈಲ ಬಿಟ್ಟು, ತಾಳ್ಮೆಯಿಂದ ಕಾದು, ಆರು ಮೂಲೆಯ ಸಾಕೆಟ್ಟನ್ನು ಸರಿಯಾಗಿ ಕೂರಿಸಿ, ಹಿಡಿಯ ತುದಿಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು ಕೊಟ್ಟ. ಬಿರಡೆ ಸಡಿಲಿತು.

ಆ ತರುಣ ಹಿಂದೊಮ್ಮೆ ನನ್ನ ಹಳಗನ್ನಡದ ತರಗತಿಯಲ್ಲಿ ನಪಾಸಾದವನು. ಅವನ ಮೇಲೂ ನಾನು ವರ್ಷವಿಡೀ ಬಲ ಹಾಕಿದ್ದೆ. ಯಾವ ಕಡೆಗೆ ತಿರುಗಿಸುತ್ತಿದ್ದೇನೆಂದು ಅವನಿದ್ದ ಜಾಗದಿಂದ ಒಮ್ಮೆಯೂ ನೋಡಿರಲಿಲ್ಲ.