ಪೈಲಟ್‌ಗೂ ಮರೆವು ಉಂಟು



ಮೊನ್ನೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. "ಯಾಕಕ್ಕಾ?" ಅಂದೆ. ಮಗುವಿಗೆ ಜ್ವರದ ಔಷಧಿ ಕೊಡುವಾಗ ಬಾಟಲಿ ಮೇಲಿನ ಚೀಟಿಯನ್ನು ಎರಡು ಸಲ ಓದಿದರಂತೆ. ಮನೆಯವರು ನಕ್ಕರಂತೆ. "ಅಷ್ಟೂ ನೆನಪಿರಲ್ವಾ ನಿನಗೆ?" ಅಂದರಂತೆ.

ಅಷ್ಟರಲ್ಲಿ ತಲೆ ಮೇಲೆ ವಿಮಾನ ಹೋಯಿತು. "ಅದನ್ನು ನಡೆಸೋರಿಗೆ ಮರೆವೇ ಇರಲ್ಲ, ಅಲ್ವಾ ಟೀಚರ್?" ಅಂದರು ಆ ಅಕ್ಕ.

ಇದೆ ಅಕ್ಕಾ, ಇದೆ. ಆ ಮಾತನ್ನೇ ಇವತ್ತು ಹೇಳುತ್ತೇನೆ.

ವಿಮಾನ ನಡೆಸುವವರನ್ನು ಪೈಲಟ್ ಅನ್ನುತ್ತಾರೆ. ಅವರೂ ನಮ್ಮ ಹಾಗೆ ಮನೆ, ಮಕ್ಕಳು ಇರುವವರು. ಹಬ್ಬದ ದಿನ ಮನೆ ಬಿಟ್ಟು ಬೇರೆ ಊರಲ್ಲಿ ಮಲಗುವುದೂ ಉಂಟು. ಅವರಿಗೂ ಸುಸ್ತಾಗುತ್ತದೆ. ನಿದ್ದೆ ಬರುತ್ತದೆ. ಅದಕ್ಕೇ ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ವಿಶ್ರಾಂತಿ ಅಂತ ಕಾನೂನೇ ಇದೆ. ನಮ್ಮ ದೇಶದಲ್ಲಿ ವಿಮಾನ ನಡೆಸುವುದಕ್ಕೆ 12 ಗಂಟೆ ಮೊದಲಿಂದಲೇ ಅವರು ಹೆಂಡ ಮುಟ್ಟುವ ಹಾಗಿಲ್ಲ.

ದೊಡ್ಡ ವಿಮಾನದಲ್ಲಿ ಇಬ್ಬರು ಪೈಲಟ್ ಇರುತ್ತಾರೆ. ಎಷ್ಟೋ ಕಂಪನಿಗಳಲ್ಲಿ ಇಬ್ಬರಿಗೂ ಒಂದೇ ಅಡುಗೆ ಕೊಡುವುದಿಲ್ಲ. ಯಾಕೆ ಗೊತ್ತಾ? ಊಟ ಕೆಟ್ಟಿದ್ದರೆ ಇಬ್ಬರಿಗೂ ಒಟ್ಟಿಗೆ ಹೊಟ್ಟೆ ಕೆಡಬಾರದು!

ಈಗ ಮರೆವಿನ ಮಾತು. 1935ರ ಅಕ್ಟೋಬರ್ 30. ಅಮೆರಿಕ ದೇಶದಲ್ಲಿ ಒಂದು ಹೊಸ ಯುದ್ಧ ವಿಮಾನ ಹಾರಿಸಿ ನೋಡುತ್ತಿದ್ದರು. ನಡೆಸಿದವರು ಚೆನ್ನಾಗಿ ಪಳಗಿದವರು. ನಿಂತ ವಿಮಾನದ ರೆಕ್ಕೆ ಬಾಲದ ಭಾಗಗಳು ಗಾಳಿಗೆ ಅಲುಗದ ಹಾಗೆ ಬಿಗಿ ಹಾಕಿರುತ್ತಾರೆ. ಹಾರುವ ಮೊದಲು ಆ ಬಿಗಿ ಬಿಚ್ಚಬೇಕು. ಅವತ್ತು ಬಿಚ್ಚುವುದು ಮರೆತುಹೋಯಿತು. ವಿಮಾನ ಮೇಲೆದ್ದು ಬಿದ್ದುಹೋಯಿತು. ಇಬ್ಬರು ತೀರಿಕೊಂಡರು.

ಆಮೇಲೆ ಏನು ಮಾಡಿದರು? "ನೆನಪಿನ ಶಕ್ತಿ ಇರೋರನ್ನು ತನ್ನಿ" ಅನ್ನಲಿಲ್ಲ. ಮಾಡಬೇಕಾದ ಕೆಲಸಗಳನ್ನು ಒಂದು ಪಟ್ಟಿ ಬರೆದರು. ಹಾರುವ ಮೊದಲು ಅದನ್ನು ಓದಿ ನೋಡಬೇಕು ಅಂದರು. ಇವತ್ತಿಗೂ ಪೈಲಟ್‌ಗಳು ಹಾಗೇ ಮಾಡುತ್ತಾರೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ನೋಡಿ "ಆಗಿದೆ" ಅನ್ನುತ್ತಾರೆ. ಸಾವಿರ ಸಲ ಹಾರಿದವರೂ ಓದಲೇಬೇಕು.

2021ರ ಜನವರಿಯಲ್ಲಿ ನಾಲ್ವರು ಹೆಣ್ಣುಮಕ್ಕಳು ಅಮೆರಿಕದಿಂದ ನಮ್ಮ ಬೆಂಗಳೂರಿಗೆ ವಿಮಾನ ತಂದರು. ನಡುವೆ ಎಲ್ಲೂ ಇಳಿಸಲಿಲ್ಲ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳು. ಅಂಥವರೂ ಪಟ್ಟಿ ಓದದೆ ಹೊರಡುವ ಹಾಗಿಲ್ಲ.

ಇದನ್ನು ಕೇಳಿ ಆ ಅಕ್ಕ ನಕ್ಕರು. "ಹಂಗಾದ್ರೆ ನಾನೂ ಪೈಲಟ್ಟೇ ಬಿಡಿ ಟೀಚರ್" ಅಂದರು.

ನಿಜ ಅಕ್ಕಾ. ಮರೆವು ಎಲ್ಲರಿಗೂ ಇದೆ. ಎರಡು ಸಲ ಓದುವುದು ದಡ್ಡತನ ಅಲ್ಲ, ಜವಾಬ್ದಾರಿ. ಔಷಧಿ ಚೀಟಿ ಓದಿ. ಸಂತೆಗೆ ಹೋಗುವಾಗ ಪಟ್ಟಿ ಬರೆದುಕೊಳ್ಳಿ. ಹೆಬ್ಬೆಟ್ಟು ಒತ್ತುತ್ತಿದ್ದ ಜಾಗದಲ್ಲಿ ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಿ. ಯಾರಾದರೂ ನಕ್ಕರೆ ಈ ವಿಮಾನದ ಕತೆ ಹೇಳಿ.